ಕಾಗಿಣಾ–ಭೀಮಾ ತೀರದ ಯಾತ್ರಿಕರು: ಭಕ್ತಿ ಮತ್ತು ಶೋಧದ ಎರಡು ದಾರಿಗಳು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪರಿಸರವು ಕನ್ನಡ ನಾಡಿನ ಸಾಂಸ್ಕೃತಿಕ ಚರಿತ್ರೆಯಲ್ಲಿ ವಿಶಿಷ್ಟವಾದ ಸ್ಥಾನವನ್ನು ಪಡೆದಿದೆ. ಕಾಗಿಣಾ ನದಿಯು ಈ ಸೀಮೆಯಲ್ಲಿ ಹರಿದು ಶಹಾಬಾದ್ ಸಮೀಪದ ಹೊನಗುಂಟಾದ ಬಳಿ ಭೀಮೆಯನ್ನು ಕೂಡಿಕೊಳ್ಳುತ್ತದೆ. ಈ ಎರಡು ನದಿಗಳ ಆಸುಪಾಸಿನಲ್ಲಿ ಬೌದ್ಧ, ಜೈನ, ಶೈವ, ಶಾಕ್ತ, ಮಾಧ್ವ ಹಾಗೂ ಸೂಫಿ ಪರಂಪರೆಗಳ ನೆಲೆಗಳು ಪರಸ್ಪರ ಸಮೀಪದಲ್ಲಿಯೇ ಬೆಳೆದಿವೆ. ಆದ್ದರಿಂದ ಇದು ಎರಡು ಸಾವಿರ ವರ್ಷಗಳಿಂದ ಯಾತ್ರಿಕರು ನಡೆದಾಡುತ್ತ ಬಂದ ಪುಣ್ಯಭೂಮಿ. ಇಲ್ಲಿಗೆ ಬಂದವರಲ್ಲಿ ದೈವದರ್ಶನಕ್ಕೆ ಬಂದವರು ಹಾಗೂ ಗತಕಾಲವನ್ನು ಅರಸಿ ಬಂದವರು ಎಂಬ ಎರಡು ವರ್ಗಗಳನ್ನು ಗುರುತಿಸಬಹುದು. ಒಂದೇ ಸ್ಥಳದಲ್ಲಿ ಈ ಇಬ್ಬರೂ ಕಂಡದ್ದೇನು, ಕಾಣದೆ ಉಳಿದದ್ದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮಾನ್ಯಖೇಟಕ್ಕೆ ಬಂದವರು

ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಕ್ರಿ.ಶ. 851ರ ವೇಳೆಗೆ ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿ ಪ್ರಸಿದ್ಧವಾದ ವೃತ್ತಾಂತವು ರಾಷ್ಟ್ರಕೂಟ ಅರಸನನ್ನು ‘ಬಲ್ಹರಾ’ ಎಂದು ಕರೆದು, ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದೆ. ಹತ್ತನೆಯ ಶತಮಾನದ ಅಲ್ ಮಸೂದಿಯು ಈ ನಗರವನ್ನು ‘ಮಾಂಕೀರ್’ ಎಂದು ಹೆಸರಿಸಿ, ಅದು ಸಮುದ್ರದಿಂದ ಎಂಬತ್ತು ಸಿಂಧೀ ಫರಸಂಗಗಳಷ್ಟು ದೂರದಲ್ಲಿದೆ ಎಂದು ದಾಖಲಿಸಿದ್ದಾನೆ. ಬಲ್ಹರಾನ ರಾಜ್ಯದಲ್ಲಿ ಮುಸಲ್ಮಾನರಿಗೆ ಗೌರವವಿತ್ತೆಂದೂ ಅವರ ಮಸೀದಿಗಳಿದ್ದವೆಂದೂ ಆತ ಹೇಳುತ್ತಾನೆ. ಇವು ಬಹುಮಟ್ಟಿಗೆ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಸಂಗ್ರಹವಾದ ಮಾಹಿತಿ ಎಂಬುದನ್ನು ಮರೆಯುವಂತಿಲ್ಲ. ಒಳನಾಡಿನ ರಾಜಧಾನಿಯೊಂದರ ಕೀರ್ತಿ ಸಮುದ್ರದಾಚೆಗೂ ತಲುಪಿತ್ತೆಂಬುದಕ್ಕೆ ಅವು ಸಾಕ್ಷಿಯಾಗಿವೆ.

ನಗರವನ್ನು ಪ್ರತ್ಯಕ್ಷ ಕಂಡವನ ಅನುಭವ ಬೇಕೆಂದರೆ ಅಪಭ್ರಂಶ ಕವಿ ಪುಷ್ಪದಂತನನ್ನು ಆಶ್ರಯಿಸಬೇಕು. ದೂರದ ದಾರಿ ನಡೆದು ದಣಿದು ಬಂದ ಆತ ಊರ ಹೊರಗಿನ ಉಪವನದಲ್ಲಿಯೇ ವಿಶ್ರಮಿಸಿದನೆಂದೂ, ಒಳಗೆ ಬರುವಂತೆ ಇಬ್ಬರು ಕರೆದಾಗ ಅರಸರ ಆಶ್ರಯದ ಬಗ್ಗೆ ತನಗಿದ್ದ ಬೇಸರವನ್ನು ಮುಚ್ಚಿಡದೆ ಹೇಳಿದನೆಂದೂ ‘ಮಹಾಪುರಾಣ’ದ ಆರಂಭದಿಂದ ತಿಳಿದುಬರುತ್ತದೆ. ಮೂರನೆಯ ಕೃಷ್ಣನ ಮಂತ್ರಿ ಭರತನು ಅವನನ್ನು ಆದರದಿಂದ ಬರಮಾಡಿಕೊಂಡು ಕಾವ್ಯರಚನೆಗೆ ಪ್ರೇರೇಪಿಸಿದನು. ಕ್ರಿ.ಶ. 959ರಲ್ಲಿ ಆರಂಭವಾದ ಆ ಕೃತಿ 965ರಲ್ಲಿ ಮುಗಿಯಿತು. ಏಳು ವರ್ಷಗಳ ತರುವಾಯ, 972ರಲ್ಲಿ, ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೈದನು. ಇನ್ನು ತಾನು ನೆಲೆಸುವುದೆಲ್ಲಿ ಎಂಬ ಕವಿಯ ಅಳಲು ಅವನ ಕೃತಿಯ ಕೆಲವು ಹಸ್ತಪ್ರತಿಗಳಲ್ಲಿ ಉಳಿದುಕೊಂಡಿದೆ. ಪರದೇಶಿಯಾಗಿ ಬಂದವನಿಗೆ ಈ ಊರು ಮನೆಯೇ ಆಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ರಾಜಧಾನಿಯ ವೈಭವ ಅಳಿದರೂ ಯಾತ್ರೆ ನಿಲ್ಲಲಿಲ್ಲ. ಮಳಖೇಡದ ನೇಮಿನಾಥ ಬಸದಿ, ಅಲ್ಲಿನ ಲೋಹದ ಪುಟ್ಟ ಚೈತ್ಯ ಹಾಗೂ ಭಟ್ಟಾರಕ ಪರಂಪರೆ ಜೈನರನ್ನು ಸೆಳೆದವು. ಅಕ್ಷೋಭ್ಯತೀರ್ಥರ ವೃಂದಾವನವೂ, ಟೀಕಾಚಾರ್ಯರೆಂದು ಖ್ಯಾತರಾದ ಜಯತೀರ್ಥರದೆಂದು ಉತ್ತರಾದಿ ಮಠದ ಪರಂಪರೆ ನಂಬುವ ವೃಂದಾವನವೂ ಕಾಗಿಣಾ ದಂಡೆಯಲ್ಲಿವೆ. ಆಷಾಢ ಬಹುಳ ಪಂಚಮಿಯಂದು ನಡೆಯುವ ಜಯತೀರ್ಥರ ಆರಾಧನೆಗೆ ಮಾಧ್ವರು ಬಂದು ಸೇರುತ್ತಾರೆ. ಇಲ್ಲಿಯೇ ಸೂಫಿ ದರ್ಗಾವೂ ಇದೆ. ಒಂದೇ ಊರಿಗೆ ಮೂರು ಮತದವರು ಮೂರು ಕಾರಣಗಳಿಗಾಗಿ ಬರುತ್ತಾರೆ. ಇವರಲ್ಲಿ ಅನೇಕರು ಕೋಟೆಯ ಕಡೆ ಹೊರಳದೆ, ‘ಕವಿರಾಜಮಾರ್ಗ’ ರಚನೆಯಾದ ನೃಪತುಂಗನ ಆಸ್ಥಾನ ಇದೇ ಊರಿನಲ್ಲಿತ್ತೆಂಬುದನ್ನು ತಿಳಿಯದೆ ಮರಳುತ್ತಾರೆ.

ರೈಲುಮಾರ್ಗ ತಂದ ಬದಲಾವಣೆ

ಎತ್ತಿನ ಬಂಡಿ ಹಾಗೂ ಕಾಲ್ನಡಿಗೆಯ ಯಾತ್ರೆಯ ಸ್ವರೂಪವನ್ನು ಬದಲಿಸಿದ್ದು ರೈಲು. 1871ರಲ್ಲಿ ಮುಂಬಯಿ–ಮದರಾಸು ಮಾರ್ಗವು ರಾಯಚೂರಿನಲ್ಲಿ ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ್ ಸಂಸ್ಥಾನದ ಮಾರ್ಗ ತೆರೆಯಿತು. ಇದರಿಂದ ವಾಡಿ ಜಂಕ್ಷನ್ ಈ ಸೀಮೆಯ ಹೆಬ್ಬಾಗಿಲಾಯಿತು. ಹೈದರಾಬಾದಿನ ಕಡೆಯ ಮಾರ್ಗದಲ್ಲಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳೂ, ರಾಯಚೂರಿನ ಕಡೆಯ ಮಾರ್ಗದಲ್ಲಿ ಸನ್ನತಿಗೆ ಸಮೀಪದ ನಾಲವಾರವೂ, ಕಲಬುರಗಿಯ ಕಡೆ ಶಹಾಬಾದೂ ಇವೆ. ವಾಡಿಯ ಬಳಿಯ ಹಲಕಟ್ಟಾ ಶರೀಫ್ ದರ್ಗಾದ ಉರುಸಿಗೆ ಬರುವ ಹೈದರಾಬಾದ್ ಭಾಗದ ಭಕ್ತರ ಮುಖ್ಯ ಆಸರೆ ಇದೇ ರೈಲು. ರೈಲುಮಾರ್ಗವಿಲ್ಲದ ಚಿಂಚೋಳಿ ಭಾಗದಲ್ಲಿ ಯಾತ್ರೆಯ ಕ್ರಮ ಬೇರೆ. ಹಿಂದೆ ಚಿಂಚೋಳಿ ತಾಲ್ಲೂಕಿಗೆ ಸೇರಿದ್ದು ಈಗ ಕಾಳಗಿ ತಾಲ್ಲೂಕಿನಲ್ಲಿರುವ ರಟಕಲ್–ರೇವಗ್ಗಿ ಗುಡ್ಡದ ರೇವಣಸಿದ್ಧೇಶ್ವರನಿಗೆ ವೀರಶೈವರೂ ಹಾಲುಮತದವರೂ ರಸ್ತೆಯ ದಾರಿಯಲ್ಲಿಯೇ ಬಂದು ನಡೆದುಕೊಳ್ಳುತ್ತಾರೆ.

ಚಿತ್ತಾಪುರದ ಸಮೀಪದ ನಾಗಾವಿಯಲ್ಲಿ ಎರಡು ಬಗೆಯ ಯಾತ್ರಿಕರ ನಡುವಿನ ಅಂತರ ಎದ್ದು ಕಾಣುತ್ತದೆ. ಜನಸಾಮಾನ್ಯರಿಗೆ ಇದು ಯಲ್ಲಮ್ಮನ ಕ್ಷೇತ್ರ. ವಿದ್ವಾಂಸರಿಗೆ ಇದು ಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ ಘಟಿಕಾಸ್ಥಾನ. ದಂಡನಾಯಕ ಮಧುಸೂದನನು ಇಲ್ಲಿನ ವಿದ್ಯಾಕೇಂದ್ರಕ್ಕೆ ದತ್ತಿ ಬಿಟ್ಟ ವಿಷಯ ಕ್ರಿ.ಶ. 1058ರ ಶಾಸನದಲ್ಲಿದೆ. ಗ್ರಂಥಭಂಡಾರವನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂಬುದು ಗ್ರಂಥಾಲಯಗಳ ಚರಿತ್ರೆಯಲ್ಲಿ ಅಪೂರ್ವವಾದ ಉಲ್ಲೇಖ. 1928ರಲ್ಲಿ ಹೈದರಾಬಾದ್ ಪುರಾತತ್ತ್ವ ಮಾಲೆಯಲ್ಲಿ ನಾಗಾವಿಯ ಶಾಸನಗಳು ಪ್ರಕಟವಾದವು. ಆದರೆ ಹರಕೆ ತೀರಿಸಿ ಹಿಂದಿರುಗುವ ಯಾತ್ರಿಕನಿಗೆ, ದಾರಿ ಬದಿಯ ಕಂಬಗಳು ಒಂದು ಕಾಲದ ಪಾಠಶಾಲೆಯ ನೆನಪೆಂದು ತಿಳಿಹೇಳುವವರು ವಿರಳ.

ಸನ್ನತಿಯ ಪೀಠದ ಕಲ್ಲು

ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮೆಯ ದಂಡೆಯ ಮೇಲಿರುವ ಸನ್ನತಿಯು ಚಂದ್ರಲಾಂಬಾ ದೇವಿಯ ಕ್ಷೇತ್ರ. ಭ್ರಮರಗಳ ರೂಪದಲ್ಲಿ ಬಂದು ದುಷ್ಟ ಅರಸನನ್ನು ದಮನ ಮಾಡಿದಳೆಂಬ ಸ್ಥಳಪುರಾಣ ಈ ದೇವಿಗಿದೆ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳ ಅನೇಕ ಮನೆತನಗಳಿಗೆ ಈಕೆ ಕುಲದೇವತೆ. 1954ರಲ್ಲಿ ಕಪಟರಾಳ ಕೃಷ್ಣರಾವ್ ಅವರು ಇಲ್ಲಿನ ಪ್ರಾಚೀನ ಅವಶೇಷಗಳತ್ತ ವಿದ್ವಾಂಸರ ಗಮನ ಸೆಳೆದರು.

1986ರಲ್ಲಿ ಇಲ್ಲಿನ ಕಾಳಿಕಾ ಗುಡಿಯ ಮಾಳಿಗೆ ಕುಸಿದು ವಿಗ್ರಹ ಭಗ್ನವಾಯಿತು. ಆಗ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮೀ ಅಕ್ಷರಗಳು ಕಂಡುಬಂದವು. ಅದು ಅಶೋಕನ ಶಾಸನ. ಹನ್ನೆರಡು ಮತ್ತು ಹದಿನಾಲ್ಕನೆಯ ಶಾಸನಗಳ ಜೊತೆಗೆ, ಅದುವರೆಗೆ ಕಳಿಂಗದಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳೂ ಅದರ ಎರಡು ಮುಖಗಳಲ್ಲಿದ್ದವು. ವಿಗ್ರಹವನ್ನು ನಿಲ್ಲಿಸಲು ಕಲ್ಲಿನ ನಡುವೆ ತೂತು ಕೊರೆದುದರಿಂದ ಕೆಲವು ಅಕ್ಷರಗಳು ಶಾಶ್ವತವಾಗಿ ನಷ್ಟವಾಗಿವೆ. ಆದರೆ ಪೀಠವಾಗಿ ಪೂಜೆಗೊಂಡುದರಿಂದಲೇ ಆ ಕಲ್ಲು ಗೋಡೆಗೋ ಗಡಿಗೋ ಬಳಕೆಯಾಗದೆ ಉಳಿಯಿತೆಂಬುದೂ ಅಷ್ಟೇ ಸಂಭಾವ್ಯ. ಭಕ್ತಿಯು ಶಾಸನವನ್ನು ಮರೆಮಾಡಿತು, ಕಾಪಾಡಿತು ಕೂಡ.

ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣವು ನಡೆಸಿದ ಉತ್ಖನನದಲ್ಲಿ ಮಹಾಸ್ತೂಪ ಬೆಳಕಿಗೆ ಬಂದಿತು. ಶಾಸನಗಳು ಇದನ್ನು ‘ಅಧೋಲೋಕ ಮಹಾಚೈತ್ಯ’ವೆಂದು ಕರೆದಿವೆ. ‘ರಾಯ ಅಸೋಕೋ’ ಎಂಬ ಬರಹವುಳ್ಳ ಶಿಲ್ಪವು ಇಲ್ಲಿನ ಅತ್ಯಂತ ಪ್ರಸಿದ್ಧ ಶೋಧ. ಯಾತ್ರೆಯ ಚರಿತ್ರೆಯ ದೃಷ್ಟಿಯಿಂದ ದಾನಶಾಸನಗಳೂ ಅಷ್ಟೇ ಮುಖ್ಯ. ಭಿಕ್ಷು, ಭಿಕ್ಷುಣಿ, ಗೃಹಸ್ಥರು ಫಲಕಗಳನ್ನು ದಾನವಿತ್ತು ತಮ್ಮ ಹೆಸರು ಕೆತ್ತಿಸಿದ್ದಾರೆ. ಗುಡಿಯ ನೆಲಕ್ಕೆ ಶಹಾಬಾದ್ ಕಲ್ಲಿನ ಚಪ್ಪಡಿ ಹಾಕಿಸಿ ಹೆಸರು ಬರೆಸುವ ಇಂದಿನ ಭಕ್ತನೂ ಆ ದಾನಿಗಳ ಸಾಲಿನವನೇ ಆಗಿದ್ದಾನೆ. ಎರಡು ಸಾವಿರ ವರ್ಷಗಳಲ್ಲಿ ಮತ ಬದಲಾಗಿದೆ, ಲಿಪಿ ಬದಲಾಗಿದೆ. ಪುಣ್ಯಸ್ಥಳದಲ್ಲಿ ತನ್ನ ಗುರುತನ್ನು ಬಿಟ್ಟುಹೋಗಬೇಕೆಂಬ ಹಂಬಲ ಬದಲಾಗಿಲ್ಲ.

ಉಪಸಂಹಾರ

ಭಕ್ತರ ಅಖಂಡವಾದ ಬರವು ಇಲ್ಲಿನ ಅನೇಕ ನೆಲೆಗಳನ್ನು ಜೀವಂತವಾಗಿ ಉಳಿಸಿದೆ. ಶೋಧಕರ ಶ್ರಮ ಅವುಗಳಿಗೆ ಕಾಲವನ್ನೂ ಅರ್ಥವನ್ನೂ ಒದಗಿಸಿದೆ. ಆದರೆ ಇಬ್ಬರ ದಾರಿಗಳು ಕೂಡಿಲ್ಲ. ಭಕ್ತರು ಶಾಸನವನ್ನು ಕಾಣದೆ ಹೋಗುವಂತೆ, ಶೋಧಕರೂ ಹಲವೊಮ್ಮೆ ಸ್ಥಳಪುರಾಣವನ್ನು ಕೇಳದೆ, ಆಚರಣೆಯನ್ನು ದಾಖಲಿಸದೆ ಹಿಂದಿರುಗಿದ್ದಾರೆ. ಕನ್ನಡ, ತೆಲುಗು, ಮರಾಠಿ, ಉರ್ದು ಭಾಷೆಗಳಲ್ಲಿ ಸರಳವಾದ ಮಾಹಿತಿ ಫಲಕಗಳು, ಶಾಸನಗಳ ಜನಪ್ರಿಯ ಆವೃತ್ತಿಗಳು ಹಾಗೂ ಜಾತ್ರೆ–ಉರುಸುಗಳ ವ್ಯವಸ್ಥಿತ ದಾಖಲೀಕರಣ ಇವು ತುರ್ತಾಗಿ ಆಗಬೇಕಾದ ಕಾರ್ಯಗಳು. ಹಾಗಾಗದಿದ್ದರೆ ಮತ್ತೊಂದು ಮಾಳಿಗೆ ಕುಸಿಯುವವರೆಗೆ ಮತ್ತೊಂದು ಕಲ್ಲು ಕಾಯಬೇಕಾಗುತ್ತದೆ. ಸನ್ನತಿಯ ಆ ಕಲ್ಲಿನಲ್ಲಿದ್ದ ಹನ್ನೆರಡನೆಯ ಶಾಸನದ ವಿಷಯ, ತನ್ನ ಮತವನ್ನು ಹೊಗಳಿಕೊಳ್ಳುವಲ್ಲಿ ಸಂಯಮವಿರಲಿ, ಅನ್ಯರ ಮತಕ್ಕೆ ಗೌರವ ಸಲ್ಲಲಿ ಎಂಬುದು. ಬಹುಮತಗಳ ಯಾತ್ರಿಕರು ಒಂದೇ ನದಿಯಲ್ಲಿ ಮಿಂದು ಹೋಗುವ ಈ ಸೀಮೆಗೆ ಅದಕ್ಕಿಂತ ಉಚಿತವಾದ ಶಾಸನ ಬೇರೊಂದಿಲ್ಲ.