ಹಳೆಯ ಮಿನಿ ಟ್ರ್ಯಾಕ್ಟರ್: ಕಿತ್ತದ್ದನ್ನು ಮೊದಲು ಮರಳಿ ಹಾಕಿ

ಪತ್ತನಾಜೆ ಬಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ ಫರಂಗಿಪೇಟೆ, ತುಂಬೆ, ಬಿ.ಸಿ.ರೋಡ್ ಆಸುಪಾಸಿನಲ್ಲಿ ಕೊಟ್ಟಿಗೆಯ ಮೂಲೆ ಸೇರಿದ್ದ ಮಿನಿ ಟ್ರ್ಯಾಕ್ಟರ್ ಅಂಗಳಕ್ಕೆ ಬರುತ್ತದೆ. ಮಳೆಗಾಲದ ಏಣೆಲು ಬೇಸಾಯಕ್ಕೆ ಗದ್ದೆ ಉಳಬೇಕು, ತೋಟಕ್ಕೆ ಗೊಬ್ಬರ ಸಾಗಿಸಬೇಕು. ದೊಡ್ಡ ಟ್ರ್ಯಾಕ್ಟರ್ ಇಲ್ಲಿನ ಕೆಲಸಕ್ಕೆ ಒಗ್ಗುವುದಿಲ್ಲ. ವಿಟ್ಲದಲ್ಲಿ ಪ್ರಾದೇಶಿಕ ಕೇಂದ್ರವಿರುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿ.ಪಿ.ಸಿ.ಆರ್.ಐ. ಅಡಿಕೆಗೆ ಹೇಳುವ ಅಂತರ 2.7 ಮೀಟರ್, ಆ ಎಡೆಯಲ್ಲಿ ನುಸುಳಿ ತಿರುಗಬಲ್ಲದ್ದು ಸಣ್ಣ ಯಂತ್ರ ಮಾತ್ರ. ಬೆಂಗಳೂರಿನ ವಿ.ಎಸ್.ಟಿ. ಕಂಪನಿಯ 18.5 ಅಶ್ವಶಕ್ತಿಯ ಮಿತ್ಸುಬಿಷಿ ಶಕ್ತಿಯಂಥ ಗಾಡಿಗಳನ್ನು ವರ್ಷಗಟ್ಟಲೆ ದುಡಿಸಿದವರಿಗೆ ಅವುಗಳ ಮೇಲೆ ಮನೆಯ ಎತ್ತಿನಷ್ಟೇ ಅಕ್ಕರೆ.

ಆ ಅಕ್ಕರೆಯಿಂದಲೇ ಒಂದಷ್ಟು ತಪ್ಪುಗಳೂ ನಡೆಯುತ್ತವೆ. ಹಳೆಯ ಟ್ರ್ಯಾಕ್ಟರ್ ಕೆಟ್ಟಿದೆ ಎಂದು ಬಿಚ್ಚಿ ನೋಡಿದರೆ, ವಯಸ್ಸಿನಿಂದ ಸವೆದದ್ದಕ್ಕಿಂತ ಒಳ್ಳೆಯದಾಗಲಿ ಎಂದು ಯಾರೋ ಕಿತ್ತುಹಾಕಿದ ಅಥವಾ ಬದಲಿಸಿದ ಭಾಗಗಳಿಂದಲೇ ತೊಂದರೆಯಾದದ್ದು ಎಷ್ಟೋ ಸಲ ಕಾಣುತ್ತದೆ.

“ಥರ್ಮೋಸ್ಟಾಟ್ ತೆಗೆದರೆ ಇಂಜಿನ್ ತಂಪಾಗಿರುತ್ತದೆ.” ನಮ್ಮ ಸೆಕೆಯಲ್ಲಿ ಈ ಮಾತನ್ನು ಯಾರಾದರೂ ಥಟ್ಟನೆ ನಂಬುತ್ತಾರೆ. ಆದರೆ ಡೀಸೆಲ್ ಇಂಜಿನ್ ತಂಪಾಗಿದ್ದಷ್ಟೂ ಚೆನ್ನ ಎಂಬುದೇ ಸುಳ್ಳು. ಒಳಗಿನ ನೀರು 80 ಡಿಗ್ರಿ ಆಸುಪಾಸಿಗೆ ಏರಿದರೇನೇ ಡೀಸೆಲ್ ಪೂರ್ತಿ ಉರಿಯುತ್ತದೆ. ಅದಕ್ಕಿಂತ ತಣ್ಣಗೆ ಓಡಿದರೆ ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯ ಆಯಿಲ್ ಪದರವನ್ನು ತೊಳೆದು ಕೆಳಗಿಳಿಯುತ್ತದೆ. ಬೋರ್, ರಿಂಗ್ ಸವೆಯುತ್ತವೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ನಡೆದಿರುವುದು ಇದೇ ಇರಬಹುದು. ಇನ್ನೊಂದು ವಿಚಿತ್ರವೂ ಇದೆ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುವಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನೇ ತೆಗೆದುಬಿಟ್ಟರೆ ಬಿಸಿನೀರಿನ ಒಂದು ಪಾಲು ರೇಡಿಯೇಟರ್ ಕಡೆ ಹೋಗದೆ ಇಂಜಿನ್ನಿನೊಳಗೇ ಸುತ್ತುತ್ತದೆ. ತಂಪಾಗಲೆಂದು ಮಾಡಿದ ಕೆಲಸದಿಂದ ಇಂಜಿನ್ ಕುದಿಯುತ್ತದೆ.

ಥರ್ಮೋಸ್ಟಾಟ್ ಸರಿಯಿದೆಯೇ ಎಂದು ಅಡುಗೆಮನೆಯಲ್ಲೇ ನೋಡಬಹುದು. ಹಳೆಯ ಪಾತ್ರೆಯಲ್ಲಿ ನೀರು ಹಾಕಿ, ಥರ್ಮೋಸ್ಟಾಟನ್ನು ದಾರದಲ್ಲಿ ತಳಕ್ಕೆ ತಾಗದಂತೆ ಇಳಿಬಿಟ್ಟು, ಒಲೆಯ ಮೇಲಿಡಿ. ಅದರೊಳಗಿನ ಮೇಣ ಕರಗಿ ಹಿಗ್ಗಿ, ನೀರು ಕುದಿಯುವ ಮೊದಲೇ ವಾಲ್ವ್ ತೆರೆಯಬೇಕು. ಆರಿದ ಮೇಲೆ ಮುಚ್ಚಬೇಕು. ಕುದಿದರೂ ತೆರೆಯದಿದ್ದರೆ ಹೊಸದು ತನ್ನಿ. ತೆಗೆದು ಬಿಸಾಡಿ ಖಾಲಿ ಬಿಡಬೇಡಿ.

“ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ? ಬಾವಿ ನೀರು ಸಾಕು.” ನೀರು ಹೆಪ್ಪುಗಟ್ಟದಂತೆ ತಡೆಯುವುದು ಕೂಲಂಟಿನ ಒಂದು ಕೆಲಸವಷ್ಟೆ. ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು, ಕುದಿಯುವ ಬಿಂದುವನ್ನು ಮೇಲೇರಿಸುವುದು ನಮಗೆ ಬೇಕಾದ ಗುಣಗಳು. ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಹುಳಿ ಗುಣದ್ದು, ಎಷ್ಟೋ ಕಡೆ ಕಬ್ಬಿಣದ ಅಂಶವೂ ಸೇರಿರುತ್ತದೆ. ಕುಡಿಯಲು ರುಚಿಯಾದ ನೀರು ಎರಕದ ಬ್ಲಾಕಿಗೂ ವಾಟರ್ ಪಂಪಿಗೂ ಒಳ್ಳೆಯದಾಗಬೇಕೆಂದಿಲ್ಲ. ರೇಡಿಯೇಟರ್ ಮುಚ್ಚಳ ತೆರೆದಾಗ ಕೆಂಪು ಕೆಸರು ಕಂಡರೆ ಒಳಗೆ ತುಕ್ಕು ಹಿಡಿದಿದೆಯೆಂದೇ ಲೆಕ್ಕ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಸಮಪಾಲು ಬೆರೆಸಿ ತುಂಬಿ. ಮುಚ್ಚಳದ ಸ್ಪ್ರಿಂಗ್ ಸಡಿಲಾಗಿದ್ದರೆ ಅದನ್ನೂ ಬದಲಿಸಿ, ಏಕೆಂದರೆ ಆ ಒತ್ತಡವೇ ನೀರನ್ನು 100 ಡಿಗ್ರಿಯಲ್ಲಿ ಕುದಿಯಗೊಡದೆ ತಡೆಯುವುದು.

ಆಯಿಲ್ ಬಗ್ಗೆ ಬಹಳ ಹೇಳಬೇಕಿಲ್ಲ. ಹೊಸ ಆಯಿಲ್ ಕೆಲವೇ ಗಂಟೆಗಳಲ್ಲಿ ಕಪ್ಪಾಯಿತೆಂದು ಹೆದರುವವರಿದ್ದಾರೆ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಡೀಸೆಲ್ ಇಂಜಿನ್ ಆಯಿಲಿನ ಕೆಲಸವೇ. ಹೆದರಬೇಕಾದದ್ದು ನೀರು ಸೇರಿದಾಗ ಬರುವ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ. ನೇತ್ರಾವತಿ ಉಕ್ಕಿ ಬೈಲು ಗದ್ದೆ ಮುಳುಗಿದ ವರ್ಷ, ಅಥವಾ ಕೆಸರಿನಲ್ಲಿ ಆಕ್ಸಲ್ ಮುಳುಗುವಷ್ಟು ಉಳುಮೆ ಮಾಡಿದ ಮೇಲೆ, ಗೇರ್‌ಬಾಕ್ಸಿನ ಮತ್ತು ಮುಂದಿನ ಆಕ್ಸಲಿನ ಆಯಿಲನ್ನು ತಪ್ಪದೆ ನೋಡಿ. ವರ್ಷಕ್ಕೆ ಕೆಲವೇ ಗಂಟೆ ಓಡುವ ಗಾಡಿಯಾದರೂ ವರ್ಷಕ್ಕೊಮ್ಮೆ ಇಂಜಿನ್ ಆಯಿಲ್ ಬದಲಾಗಬೇಕು. ಎಲ್ಲದಕ್ಕೂ 90 ನಂಬರ್ ಗೇರ್ ಆಯಿಲ್ ನಡೆಯುತ್ತದೆ ಎಂಬುದೂ ತಪ್ಪು. ಗೇರಿಗೂ ಲಿಫ್ಟಿಗೂ ಒಂದೇ ಆಯಿಲ್ ಇರುವ ಟ್ರ್ಯಾಕ್ಟರಿಗೆ ಅದನ್ನು ಸುರಿದರೆ ಹೈಡ್ರಾಲಿಕ್ ಪಂಪ್ ಆ ಗಟ್ಟಿ ಆಯಿಲನ್ನು ಎಳೆಯಲಾರದೆ ಲಿಫ್ಟ್ ನಿಧಾನವಾಗುತ್ತದೆ.

ಇನ್ನು ಸುಧಾರಣೆಯ ವಿಷಯ. “ಪಂಪಿನ ಸ್ಕ್ರೂ ಸ್ವಲ್ಪ ತಿರುಗಿಸಿದರೆ ಶಕ್ತಿ ಹೆಚ್ಚುತ್ತದೆ” ಎನ್ನುತ್ತಾರೆ. ಒಂದು ಕಿಲೋ ಡೀಸೆಲ್ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಟರ್ಬೊ ಇಲ್ಲದ ಸಣ್ಣ ಇಂಜಿನ್ ಒಳಗೆಳೆಯಬಲ್ಲ ಗಾಳಿಗೆ ಮಿತಿಯಿದೆ. ಆ ಮಿತಿ ದಾಟಿ ಚಿಮ್ಮಿಸಿದ ಡೀಸೆಲ್ ಸೈಲೆನ್ಸರಿನಿಂದ ಕಪ್ಪು ಹೊಗೆಯಾಗಿ ಹೋಗುತ್ತದೆ, ಹೆಡ್ ಗ್ಯಾಸ್ಕೆಟನ್ನೂ ಪಿಸ್ಟನ್ನನ್ನೂ ಸುಡುತ್ತದೆ. ಶಕ್ತಿ ಕುಂದಿದೆ ಎನಿಸಿದರೆ ಮೊದಲು ಏರ್ ಕ್ಲೀನರ್ ಬಿಚ್ಚಿ ನೋಡಿ. ಬೇಸಿಗೆಯ ಕೆಂಪು ದೂಳು ಅಲ್ಲೇ ಕಟ್ಟಿಕೊಂಡಿರುತ್ತದೆ.

“ದೊಡ್ಡ ಟಯರ್ ಹಾಕಿದರೆ ಎಳೆತ ಜಾಸ್ತಿ” ಎಂಬುದು ಇದಕ್ಕಿಂತ ದುಬಾರಿ ತಪ್ಪು. ಹಿಂದಿನ ಚಕ್ರ ಎತ್ತರವಾದಷ್ಟೂ ವೇಗ ಹೆಚ್ಚಿ ಎಳೆತ ಕುಗ್ಗುತ್ತದೆ. ಅದಿರಲಿ, ಫೋರ್ ವೀಲ್ ಗಾಡಿಯಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಶೇ. 1ರಿಂದ 5ರಷ್ಟು ಬೇಗ ಉರುಳುವಂತೆ ಗೇರ್ ಲೆಕ್ಕ ಹಾಕಿರುತ್ತಾರೆ. ಮುಂದೆ ಒಂದು ಅಳತೆ, ಹಿಂದೆ ಸಿಕ್ಕಿದ್ದೊಂದು ಅಳತೆ ಹಾಕಿದರೆ ಆ ಲೆಕ್ಕ ತಪ್ಪಿ ಎರಡು ಆಕ್ಸಲ್‌ಗಳು ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ. ಟಯರ್ ಸರಿಯಿದ್ದರೂ ಹೆದ್ದಾರಿ 75ರ ಡಾಂಬರಿನ ಮೇಲೆ ಫೋರ್ ವೀಲ್ ಲಿವರ್ ಹಾಕಿಕೊಂಡೇ ಹೋಗಬಾರದು. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಕರಗಿಬಿಡುತ್ತದೆ. ಡಾಂಬರಿನಲ್ಲಿ ಜಾರಲಾಗದೆ ಟಯರೂ ಗೇರಿನ ಹಲ್ಲೂ ಸವೆಯುತ್ತವೆ. ಲಿವರ್ ಬಿಗಿದುಕೊಂಡು ಬಾರದಿದ್ದರೆ ಗುದ್ದಬೇಡಿ, ಗಾಡಿಯನ್ನು ನಾಲ್ಕು ಅಡಿ ಹಿಂದಕ್ಕೆ ತಂದರೆ ಸಡಿಲವಾಗುತ್ತದೆ.

ಕೊನೆಯದು ಜೀವಕ್ಕೆ ಸಂಬಂಧಿಸಿದ್ದು. “ಸರಪಳಿಯನ್ನು ಎತ್ತರಕ್ಕೆ ಕಟ್ಟಿದರೆ ಹಿಂದಿನ ಚಕ್ರಕ್ಕೆ ಭಾರ ಬಿದ್ದು ತೆಂಗಿನ ಬುಡ ಸಲೀಸಾಗಿ ಬರುತ್ತದೆ.” ಭಾರ ಬೀಳುವುದು ನಿಜ, ಆಮೇಲೆ ಆಗುವುದು ಭಯಾನಕ. ಬುಡ ಅಲುಗದಿದ್ದರೆ, ಚಕ್ರವೂ ತಿರುಗದಿದ್ದರೆ, ಇಂಜಿನ್ನಿನ ಬಲ ಟ್ರ್ಯಾಕ್ಟರಿನ ಮುಂಭಾಗವನ್ನೇ ಆಕ್ಸಲಿನ ಸುತ್ತ ಮೇಲೆತ್ತುತ್ತದೆ. ಮಗುಚಿ ಬೀಳಲು ಒಂದೂವರೆ ಸೆಕೆಂಡ್ ಸಾಕು, ಕ್ಲಚ್ ಒತ್ತುವಷ್ಟು ಪುರುಸೊತ್ತೂ ಸಿಗುವುದಿಲ್ಲ. ಸರಪಳಿ ಕಟ್ಟಬೇಕಾದ ಜಾಗ ಒಂದೇ, ಆಕ್ಸಲಿಗಿಂತ ಕೆಳಗಿರುವ ಡ್ರಾಬಾರ್.

ಹಳೆಯ ಗಾಡಿಗೆ ದುಡ್ಡು ಹಾಕುವ ಮನಸ್ಸಿದ್ದರೆ ಎಲ್.ಇ.ಡಿ. ಲೈಟಿಗಿಂತ ಮೊದಲು, ಗಾಡಿ ಮಗುಚಿದಾಗ ಚಾಲಕನನ್ನು ಕಾಯುವ ರಕ್ಷಣಾ ಚೌಕಟ್ಟಿಗೆ ಹಾಕಿ ಎಂದು ನಾನು ಒತ್ತಿ ಹೇಳುತ್ತೇನೆ. ಸ್ವೀಡನ್ ಹೊಸ ಟ್ರ್ಯಾಕ್ಟರ್‌ಗಳಿಗೆ ಇದನ್ನು 1959ರಲ್ಲೇ ಕಡ್ಡಾಯ ಮಾಡಿತ್ತು. ವೆಲ್ಡಿಂಗ್ ಶಾಪಿನಲ್ಲಿ ಪೈಪ್ ಬಗ್ಗಿಸಿ ಕೂರಿಸಿದರೆ ಅದು ಆಗುವುದಿಲ್ಲ. ಆ ಮಾದರಿಗೆಂದೇ ತಯಾರಾಗಿ ಪರೀಕ್ಷೆಯಾದದ್ದೇ ಬೇಕು. ಅಡಿಕೆ ಸೋಗೆ, ಬಾಳೆ ಎಲೆ ತಾಗುತ್ತದೆ ಎನ್ನುವವರು ಮಡಚುವ ಬಗೆಯದನ್ನು ಹಾಕಿಸಬಹುದು. ತೋಟದಿಂದ ಹೊರಬಂದ ಕೂಡಲೇ ಅದನ್ನೆತ್ತಿ ಪಿನ್ ಹಾಕಿ, ಸೀಟ್ ಬೆಲ್ಟ್ ಬಿಗಿದುಕೊಳ್ಳಬೇಕು. ಚೌಕಟ್ಟು ಮಡಚಿರುವಷ್ಟು ಹೊತ್ತು ಮಾತ್ರ ಬೆಲ್ಟ್ ಬೇಡ.