ನಗರದ ರಸ್ತೆಯಲ್ಲಿ ನಡೆಯುವವರ ಪಾಲು



ಮೋಟಾರು ವಾಹನ ಓಡಿಸಬೇಕಾದರೆ ಸರ್ಕಾರದಿಂದ ಪರವಾನಗಿ ಪಡೆಯಬೇಕು. ಅದಕ್ಕೆ ವಯಸ್ಸಿನ ಮಿತಿಯುಂಟು, ಪರೀಕ್ಷೆಯುಂಟು. ತಪ್ಪು ಮಾಡಿದರೆ ಅದನ್ನು ಹಿಂದಕ್ಕೆ ಪಡೆಯುವ ಅಧಿಕಾರವೂ ಉಂಟು. ನಡೆಯುವುದಕ್ಕಾಗಲಿ, ಸೈಕಲ್ ತುಳಿಯುವುದಕ್ಕಾಗಲಿ ಇಂಥ ಪರವಾನಗಿ ಬೇಕಾಗಿಲ್ಲ. ಇದರ ಅರ್ಥ ಸ್ಪಷ್ಟ: ನಡೆಯುವುದು ಹಕ್ಕು, ಮೋಟಾರು ಓಡಿಸುವುದು ಷರತ್ತಿನ ಮೇಲೆ ದೊರೆತ ಅನುಮತಿ. ಆದರೆ ನಮ್ಮ ಯಾವುದೇ ನಗರದ ರಸ್ತೆಬದಿಯಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಈ ಕ್ರಮ ತಲೆಕೆಳಗಾಗಿರುವುದು ಕಾಣುತ್ತದೆ. ಅನುಮತಿ ಪಡೆದವರು ರಸ್ತೆಯನ್ನೆಲ್ಲ ತುಂಬಿದ್ದಾರೆ. ಹಕ್ಕುಳ್ಳವರು ಚರಂಡಿಯ ಒಂದು ಚಪ್ಪಡಿಯಿಂದ ಇನ್ನೊಂದಕ್ಕೆ ಜಿಗಿಯುತ್ತಿದ್ದಾರೆ.

ಈ ಸ್ಥಿತಿಯನ್ನು ಸರಿಪಡಿಸುವುದು ಹೇಗೆ? ಕಿರುತೆರೆಯ ಮಾತುಕತೆಯಲ್ಲಿ ಲೆಕ್ಕಗಳನ್ನು ಬಿಡಿಸಿ ತೋರಿಸಲು ಸಮಯ ಸಾಲುವುದಿಲ್ಲ. ಆದ್ದರಿಂದ ಅವುಗಳನ್ನು ಇಲ್ಲಿ ಕೊಡಲಾಗಿದೆ. ಕಾಗದ, ಪೆನ್ಸಿಲ್ ಹಿಡಿದು ಓದಿದರೆ ಹೆಚ್ಚು ಪ್ರಯೋಜನ.

ತಪ್ಪು ಯಾರದು?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು, 4,836 ಮಂದಿ ಸೈಕಲ್ ಸವಾರರು. ಇವೆರಡನ್ನೂ ಕೂಡಿಸಿ 365ರಿಂದ ಭಾಗಿಸಿದರೆ ದಿನವೊಂದಕ್ಕೆ ಸರಾಸರಿ 103 ಜನ ಎಂದಾಗುತ್ತದೆ. ಯಾರಿಗೂ ಡಿಕ್ಕಿ ಹೊಡೆದು ಕೊಲ್ಲುವಷ್ಟು ತೂಕವಾಗಲಿ ವೇಗವಾಗಲಿ ಇಲ್ಲದವರು ಇವರು.

ಅಪಘಾತವಾದಾಗ ಸಾಮಾನ್ಯವಾಗಿ ಕೇಳಿಬರುವ ಮಾತು "ನೋಡಿಕೊಂಡು ದಾಟಬಾರದಿತ್ತೇ?" ಎಂಬುದು. ಎಚ್ಚರಿಕೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಏಳೆಂಟು ವರ್ಷದ ಮಗುವಿಗೆ ಎದುರಿನಿಂದ ಬರುವ ವಾಹನದ ವೇಗವನ್ನು ಸರಿಯಾಗಿ ಅಂದಾಜು ಮಾಡುವ ಶಕ್ತಿ ಇನ್ನೂ ಬೆಳೆದಿರುವುದಿಲ್ಲ. ವಯಸ್ಸಾದವರಿಗೆ ಬೇಗ ಹೆಜ್ಜೆ ಹಾಕಲು ಆಗುವುದಿಲ್ಲ. ಊರ ಬಾವಿಗೆ ಕಟ್ಟೆ ಕಟ್ಟಿಸಿದ ನಮ್ಮ ಹಿರಿಯರು, ಎಚ್ಚರವಿದ್ದವರು ಬೀಳುವುದಿಲ್ಲ ಎಂದು ಸುಮ್ಮನಾಗಲಿಲ್ಲ. ಎಲ್ಲರೂ ಎಲ್ಲ ಹೊತ್ತಿನಲ್ಲೂ ಎಚ್ಚರವಾಗಿರಲಾರರು ಎಂಬುದು ಅವರಿಗೆ ಗೊತ್ತಿತ್ತು. ರಸ್ತೆಗೂ ಇಂಥದೊಂದು ಕಟ್ಟೆ ಬೇಕು. ಒಂದು ಕ್ಷಣದ ತಪ್ಪಿಗೆ ಪ್ರಾಣವೇ ದಂಡವಾಗದಂತೆ ರಸ್ತೆಯನ್ನು ರೂಪಿಸಬೇಕು. ಈ ಲೇಖನದ ಮುಖ್ಯ ಅಂಶ ಇದೇ.

ಒಂದು ಸೆಕೆಂಡಿನ ಲೆಕ್ಕ

ಆ ಕಟ್ಟೆಯ ಮೊದಲ ಕಲ್ಲು ವೇಗದ ನಿಯಂತ್ರಣ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಚೆಂಡಿನ ಹಿಂದೆ ಓಡಿದ ಮಗುವೊಂದು ಕಾರಿನಿಂದ 14 ಮೀಟರ್ ಮುಂದೆ ರಸ್ತೆಗೆ ಬರುತ್ತದೆ. ಮಗುವನ್ನು ಕಂಡು ಬ್ರೇಕು ತುಳಿಯಲು ಚಾಲಕನಿಗೆ ಸುಮಾರು ಒಂದು ಸೆಕೆಂಡು ಬೇಕು.

ಕಾರು ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದರೆ ಆ ಒಂದು ಸೆಕೆಂಡಿನಲ್ಲಿ 8.3 ಮೀಟರ್ ಸಾಗುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿನಿಂದ ಪ್ರತಿ ಸೆಕೆಂಡಿಗೆ 7 ಮೀಟರಿನಷ್ಟು ವೇಗ ಇಳಿಯುತ್ತದೆಂದು ಭಾವಿಸಿದರೆ, ಬ್ರೇಕು ಹಿಡಿದ ಮೇಲೆ ಸುಮಾರು 5 ಮೀಟರಿನಲ್ಲಿ ಕಾರು ನಿಲ್ಲುತ್ತದೆ. ಒಟ್ಟು ದೂರ 13.3 ಮೀಟರ್. ಮಗು ಉಳಿಯುತ್ತದೆ.

ಅದೇ ಕಾರು 50 ಕಿ.ಮೀ. ವೇಗದಲ್ಲಿದ್ದರೆ? ಮೊದಲ ಸೆಕೆಂಡಿನಲ್ಲಿಯೇ 13.9 ಮೀಟರ್ ಕಳೆದುಹೋಗುತ್ತದೆ. ಅಂದರೆ, ಮೊದಲಿನ ಕಾರು ಪೂರ್ತಿ ನಿಂತುಬಿಡುವ ಜಾಗದಲ್ಲಿ ಎರಡನೆಯ ಕಾರಿನ ಬ್ರೇಕು ಇನ್ನೂ ಹಿಡಿದೇ ಇರುವುದಿಲ್ಲ. ಮಗುವಿಗೆ ತಗಲುವುದು ಹೆಚ್ಚುಕಡಿಮೆ ಪೂರ್ತಿ 50 ಕಿ.ಮೀ. ವೇಗದ ಪೆಟ್ಟು.

ಈ ಪೆಟ್ಟಿನ ತೀವ್ರತೆಯನ್ನು ಭೌತಶಾಸ್ತ್ರದ ಇನ್ನೊಂದು ಲೆಕ್ಕದಿಂದ ತಿಳಿಯಬಹುದು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ನೀವು ಓದಿದ್ದೀರಿ. ಸುಮಾರು ಮೂರೂವರೆ ಮೀಟರ್ ಎತ್ತರದಿಂದ, ಅಂದರೆ ಒಂದು ಮಹಡಿಯಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಪಡೆದಿರುವ ವೇಗ ಗಂಟೆಗೆ 30 ಕಿ.ಮೀ. ಆ ವೇಗ 50 ಕಿ.ಮೀ. ಆಗಬೇಕಾದರೆ ಹತ್ತಿರ ಹತ್ತಿರ 10 ಮೀಟರ್, ಅಂದರೆ ಮೂರು ಮಹಡಿಯಷ್ಟು ಎತ್ತರದಿಂದ ಬೀಳಬೇಕು. ಒಂದು ಮಹಡಿಯಿಂದ ಬಿದ್ದವರು ಬದುಕುವ ಸಂಭವ ಹೆಚ್ಚು. ಮೂರನೆಯದರಿಂದ ಬಿದ್ದವರ ಮಾತು ಬೇರೆ.

ನಿಧಾನವಾದರೆ ಹೊತ್ತಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಶಾಲೆಯ ಸುತ್ತಲಿನ ಒಂದು ಕಿಲೋಮೀಟರನ್ನು 50 ಕಿ.ಮೀ. ವೇಗದಲ್ಲಿ ದಾಟಲು 72 ಸೆಕೆಂಡು ಸಾಕು; 30 ಕಿ.ಮೀ. ವೇಗದಲ್ಲಿ 120 ಸೆಕೆಂಡು ಬೇಕು. ವ್ಯತ್ಯಾಸ 48 ಸೆಕೆಂಡು. ಮುಂದಿನ ಸಿಗ್ನಲಿನಲ್ಲಿ ಕಾಯುವ ಹೊತ್ತು ಅನೇಕ ವೇಳೆ ಇದಕ್ಕಿಂತ ಹೆಚ್ಚು.

ವೇಗ ತಗ್ಗಿಸಲು ಫಲಕವೊಂದೇ ಸಾಲದು. ರಸ್ತೆ ಅಗಲವಾಗಿ, ನೇರವಾಗಿ ಕಂಡರೆ ಕಾಲು ತಾನಾಗಿ ಆಕ್ಸಿಲರೇಟರನ್ನು ಒತ್ತುತ್ತದೆ. ಜೀಬ್ರಾ ದಾಟುಜಾಗವನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸುವುದು, ತಿರುವಿನ ಮೂಲೆಗಳನ್ನು ಬಿಗಿಗೊಳಿಸುವುದು, ಅಗಲ ರಸ್ತೆಯ ನಡುವೆ ನಿಂತು ಉಸಿರಾಡಲು ಪುಟ್ಟ ದ್ವೀಪದಂಥ ಜಾಗ ಬಿಡುವುದು, ಇವು ವಾಹನವನ್ನು ನಿಧಾನವಾಗಿಸುವ ಅಥವಾ ದಾಟುವ ಕೆಲಸವನ್ನು ಸುಲಭವಾಗಿಸುವ ಮಾರ್ಗಗಳು.

ವಾಹನವಲ್ಲ, ಜನರನ್ನು ಎಣಿಸಬೇಕು

ಎರಡನೆಯ ಕಲ್ಲು ಜಾಗದ ಹಂಚಿಕೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ರಸ್ತೆಯ ಜಾಗ ಹಂಚುವಾಗ ವಾಹನಗಳಿಗಿಂತ ಜನರಿಗೆ ಆದ್ಯತೆ ಇರಬೇಕೆಂದು ಹೇಳಿತು. ಸಾರಿಗೆ ತಜ್ಞರ ಒಂದು ಪ್ರಸಿದ್ಧ ಅಂದಾಜಿನಂತೆ ಮೂರೂವರೆ ಮೀಟರ್ ಅಗಲದ ದಾರಿಯಲ್ಲಿ ಒಂದು ಗಂಟೆಗೆ ಕಾರುಗಳಲ್ಲಿ ಸುಮಾರು 2,000 ಜನ ಸಾಗಬಹುದು, ಸೈಕಲ್ಲಿನಲ್ಲಾದರೆ 14,000, ಕಾಲ್ನಡಿಗೆಯಲ್ಲಾದರೆ 19,000. ಹೀಗಿರುವಾಗ ಫುಟ್‌ಪಾತನ್ನು ಕತ್ತರಿಸಿ ರಸ್ತೆ ಅಗಲ ಮಾಡಿದರೆ ಹೆಚ್ಚು ಜನಕ್ಕೆ ಅನುಕೂಲವಾಯಿತೆಂದು ಹೇಳಲಾಗುವುದಿಲ್ಲ.

ಬಸ್ಸಿನ ಪ್ರಯಾಣಿಕರೂ ಪಾದಚಾರಿಗಳೇ ಎಂಬುದನ್ನು ಮರೆಯಬಾರದು. ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಕೆಲಸಕ್ಕೆ ಅವರು ನಡೆದೇ ಹೋಗಬೇಕು. ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಮಹಿಳೆಯರು, ಮನೆಗೆಲಸದವರು, ಹೂವು ಮಾರುವವರು, ಶಾಲಾಮಕ್ಕಳು, ಇವರೇ ನಮ್ಮ ರಸ್ತೆಗಳಲ್ಲಿ ನಡೆಯುವವರು. ಹಾಗಾಗಿ ಇದು ಸುರಕ್ಷತೆಯ ಪ್ರಶ್ನೆಯಷ್ಟೇ ಅಲ್ಲ, ನ್ಯಾಯದ ಪ್ರಶ್ನೆಯೂ ಹೌದು.

ಒಳ್ಳೆಯ ಫುಟ್‌ಪಾತಿನ ಲಕ್ಷಣ

ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಪ್ರಕಟಿಸಿದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯಂತೆ, ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಇರಬೇಕು. ಎದುರುಬದುರಾಗಿ ಬಂದ ಎರಡು ಗಾಲಿಕುರ್ಚಿಗಳು ಒಂದನ್ನೊಂದು ದಾಟಲು ಇಷ್ಟು ಅಗಲ ಬೇಕು. ಅಂಚುಕಲ್ಲಿನ ಎತ್ತರ 150 ಮಿಲಿಮೀಟರ್, ಅಂದರೆ ಆರು ಅಂಗುಲ ಮೀರಬಾರದು. ನಮ್ಮಲ್ಲಿ ಚರಂಡಿಯ ಮೇಲೆ ಚಪ್ಪಡಿ ಹಾಸಿ ಅದನ್ನೇ ಫುಟ್‌ಪಾತ್ ಎನ್ನುವ ರೂಢಿಯಿರುವುದರಿಂದ ಎಷ್ಟೋ ಕಡೆ ಎತ್ತರ ಒಂದು ಅಡಿಯನ್ನೂ ಮೀರುತ್ತದೆ. ಮಂಡಿನೋವಿನ ಅಜ್ಜಿ ಅದನ್ನು ಹತ್ತುವ ಬದಲು ರಸ್ತೆಯಲ್ಲೇ ನಡೆಯುತ್ತಾರೆ.

ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ ಮೊದಲಾದ ಕಡೆ 'ಟೆಂಡರ್ ಶ್ಯೂರ್' ಯೋಜನೆಯಲ್ಲಿ ಬೇರೆ ಕ್ರಮ ಅನುಸರಿಸಲಾಯಿತು. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ತಂತಿಗಳಿಗೆ ನೆಲದಡಿ ಪ್ರತ್ಯೇಕ ಜಾಗ ಮಾಡಿ, ಮೇಲೆ ಅಗಲವಾದ ಫುಟ್‌ಪಾತ್ ಕಟ್ಟಲಾಯಿತು. ವಾಹನಗಳ ಜಾಗ ಕಡಿಮೆಯಾಯಿತೆಂದು ಆಗ ಆಕ್ಷೇಪಣೆ ಬಂತು. ವೆಚ್ಚ ಹೆಚ್ಚೆಂಬ ಟೀಕೆಯೂ ಬಂತು. ಆದರೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದ ರಸ್ತೆಯು ಎಣ್ಣೆ ಸುರಿಯುವ ಆಲಿಕೆಯಂತೆ. ಬಾಯಿ ಎಷ್ಟೇ ದೊಡ್ಡದಿದ್ದರೂ ಕೊಳವೆ ಬಿಟ್ಟಷ್ಟೇ ಎಣ್ಣೆ ಇಳಿಯುತ್ತದೆ. ಉದ್ದಕ್ಕೂ ಒಂದೇ ಅಗಲವಿದ್ದರೆ ಉಳಿದ ಜಾಗವನ್ನು ನಡೆಯುವವರಿಗೆ ಬಿಡಬಹುದೆಂಬುದು ಅಲ್ಲಿನ ತತ್ತ್ವ.

ಫುಟ್‌ಪಾತಿನ ವ್ಯಾಪಾರಿಗಳನ್ನು ಎಬ್ಬಿಸಿದರೆ ಸಮಸ್ಯೆ ಬಗೆಹರಿಯುವುದೆಂದು ಹೇಳುವವರುಂಟು. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಅವರ ಜೀವನೋಪಾಯವನ್ನೂ ರಕ್ಷಿಸುತ್ತದೆ. ಅವರಿಗೆ ಗೊತ್ತಾದ ಜಾಗ ಕೊಡಬೇಕೆನ್ನುತ್ತದೆ. ರಾತ್ರಿ ಹೊತ್ತು ದೀಪ ಹಚ್ಚಿಕೊಂಡು ಕುಳಿತ ತರಕಾರಿಯಾಕೆ ಇರುವುದರಿಂದಲೇ ಎಷ್ಟೋ ಹೆಣ್ಣುಮಕ್ಕಳು ಆ ದಾರಿಯಲ್ಲಿ ಧೈರ್ಯವಾಗಿ ನಡೆಯುತ್ತಾರೆ. ಬೇಕಾದುದು ಕ್ರಮ, ತೆರವಲ್ಲ.

ದಾಟುವ ವಿಷಯದಲ್ಲಿಯೂ ನ್ಯಾಯ ಬೇಕು. ರಸ್ತೆಯ ಮೇಲೆ ಐದೂವರೆ ಮೀಟರ್ ತೆರವು ಬಿಟ್ಟು ಕಟ್ಟುವ ಮೇಲ್ಸೇತುವೆಯನ್ನು ಹತ್ತಲು ಸುಮಾರು 40 ಮೆಟ್ಟಿಲು ಏರಬೇಕು, ಅಷ್ಟನ್ನೇ ಇಳಿಯಬೇಕು. ಎಂಜಿನ್ ಇರುವ ವಾಹನ ಸಮತಟ್ಟಾಗಿ ಹೋಗಲೆಂದು ಮನುಷ್ಯ ಎರಡು ಮಹಡಿ ಹತ್ತಿಳಿಯುವ ವ್ಯವಸ್ಥೆ ಇದು. ವೇಗದ ಹೆದ್ದಾರಿಗಳಲ್ಲಿ ಇದು ಅನಿವಾರ್ಯವಾಗಬಹುದು; ಪೇಟೆಯ ನಡುವೆ ಸಿಗ್ನಲ್ ದೀಪವೇ ಮೇಲು. ಆ ದೀಪಕ್ಕೂ ಲೆಕ್ಕವಿದೆ. 14 ಮೀಟರ್ ಅಗಲದ ರಸ್ತೆಯನ್ನು ಸೆಕೆಂಡಿಗೆ 1.2 ಮೀಟರ್ ನಡೆಯುವ ಯುವಕ 12 ಸೆಕೆಂಡಿನಲ್ಲಿ ದಾಟುತ್ತಾನೆ, 0.8 ಮೀಟರ್ ನಡೆಯುವ ಹಿರಿಯರಿಗೆ ಹದಿನೇಳೂವರೆ ಸೆಕೆಂಡು ಬೇಕು. ಹಸಿರು ದೀಪವನ್ನು ಯುವಕನ ಕಾಲಿಗೆ ಅಳತೆ ಮಾಡಿ ಇಟ್ಟರೆ ಹಿರಿಯರು ನಡುರಸ್ತೆಯಲ್ಲಿ ಉಳಿಯುತ್ತಾರೆ.

ಸೈಕಲ್ಲಿನ ದಾರಿ

ಕರ್ನಾಟಕದಲ್ಲಿ 2006-07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆಯಿಂದ ಎಂಟನೆಯ ತರಗತಿಯ ಅಸಂಖ್ಯ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಪ್ರೌಢಶಾಲೆ ಹತ್ತಿರವಾಯಿತು. 2017ರ ಜೂನ್‌ನಲ್ಲಿ ಮೈಸೂರಿನಲ್ಲಿ ಸುಮಾರು 450 ಸೈಕಲ್ಲುಗಳೊಡನೆ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ ಶುರುವಾಯಿತು. ಆದರೆ ಸೈಕಲ್ ಕೊಟ್ಟರಷ್ಟೇ ಸಾಲದು, ದಾರಿಯನ್ನೂ ಕೊಡಬೇಕು. 2012ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಸೈಕಲ್ಲಿಗೆಂದು ಮೀಸಲಿಟ್ಟ ಪಥಗಳಲ್ಲಿ ಬಹಳ ಕಡೆ ಕಾರು, ಸ್ಕೂಟರುಗಳು ನಿಂತವು. ಗೆರೆಯನ್ನು ಯಾರು ಬೇಕಾದರೂ ದಾಟಬಹುದು. ತಡೆ ಇರುವ ಪಥ ಮಾತ್ರ ಪಥವಾಗಿ ಉಳಿಯುತ್ತದೆ ಎಂಬುದು ಅಲ್ಲಿನ ಪಾಠ.

ಸಣ್ಣ ಸಂಗತಿಗಳೂ ಮುಖ್ಯ. ಚರಂಡಿ ಜಾಲರಿಯ ಸರಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್ಲಿನ ಚಕ್ರ ಸಿಕ್ಕಿಕೊಳ್ಳುತ್ತದೆ. ಅಡ್ಡಕ್ಕೆ ಇದ್ದರೆ ಸಿಕ್ಕುವುದಿಲ್ಲ. ನಿಂತ ಕಾರಿನ ಬಾಗಿಲು ಥಟ್ಟನೆ ತೆರೆದರೆ ಸವಾರ ಬೀಳುತ್ತಾನೆ. ಪಥಕ್ಕೂ ಕಾರು ನಿಲ್ಲುವ ಜಾಗಕ್ಕೂ ನಡುವೆ ಒಂದು ಮೀಟರ್ ಬಿಟ್ಟರೆ ಅವನು ಪಾರು.

ನೆದರ್ಲೆಂಡ್ಸಿನ ಅನುಭವ

ಸೈಕಲ್ಲಿಗೆ ಹೆಸರಾದ ನೆದರ್ಲೆಂಡ್ಸ್ ಮೊದಲಿನಿಂದಲೂ ಸುರಕ್ಷಿತವಾಗಿತ್ತೆಂದು ಭಾವಿಸಬಾರದು. ಅಲ್ಲಿಯೂ ಕಾರುಗಳಿಗಾಗಿ ಬೀದಿಗಳನ್ನು ಅಗಲ ಮಾಡಲಾಗಿತ್ತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮರುವರ್ಷ 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಹೆಸರಿನಲ್ಲಿ ತಂದೆತಾಯಿಗಳು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟಿನಲ್ಲಿ ಕಾರಿಲ್ಲದ ಭಾನುವಾರಗಳು ಬಂದಾಗ ಜನಕ್ಕೆ ಬೀದಿಯ ಇನ್ನೊಂದು ಮುಖ ಕಂಡಿತು. ಅನಂತರದ ದಶಕಗಳಲ್ಲಿ ಪ್ರತ್ಯೇಕ ಸೈಕಲ್ ಪಥಗಳು, ನಿಧಾನಗತಿಯ ವಸತಿ ಬೀದಿಗಳು ಬಂದವು. ವಾಹನಗಳ ಸುಧಾರಣೆ, ವೈದ್ಯಕೀಯ ಸೌಲಭ್ಯಗಳೂ ನೆರವಾದವು. ಈಚಿನ ವರ್ಷಗಳಲ್ಲಿ ಅಲ್ಲಿನ ಸಾವಿನ ಸಂಖ್ಯೆ ವರ್ಷಕ್ಕೆ ಏಳುನೂರರ ಆಸುಪಾಸಿನಲ್ಲಿದೆ. ಆ ಬದಲಾವಣೆ ತಾನಾಗಿ ಆದದ್ದಲ್ಲ, ಕೇಳಿ ಪಡೆದದ್ದು.

ಕೇಳುವ ಆಧಾರ, ಕೇಳುವ ಕ್ರಮ

ನಮಗೂ ಕೇಳಲು ಆಧಾರವಿದೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳಂತೆ ಸಿಗ್ನಲ್ ಇಲ್ಲದ ಜೀಬ್ರಾ ದಾಟುಜಾಗದಲ್ಲಿ ಚಾಲಕರು ವೇಗ ತಗ್ಗಿಸಿ ಪಾದಚಾರಿಗಳಿಗೆ ದಾರಿ ಬಿಡಬೇಕು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸುವ ಪಾದಚಾರಿಗಳ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಹೇಳಿತು. ಫುಟ್‌ಪಾತುಗಳು ವಿಕಲಚೇತನರಿಗೂ ಅನುಕೂಲವಾಗಿರಬೇಕೆಂದಿತು.

ಇನ್ನು ನೀವು ಮಾಡಬಹುದಾದ ಒಂದು ಕೆಲಸ. ಶಿಕ್ಷಕರೊಬ್ಬರ ಜೊತೆಯಲ್ಲಿ, ಸುರಕ್ಷಿತ ಜಾಗದಲ್ಲಿ ನಿಂತು, ನಿಮ್ಮ ಶಾಲೆಯ ಅಥವಾ ಕಾಲೇಜಿನ ಮುಂದಿನ 200 ಮೀಟರ್ ರಸ್ತೆಯನ್ನು ಪರೀಕ್ಷಿಸಿ.

1. ಫುಟ್‌ಪಾತಿನ ಅಗಲವನ್ನೂ ಅಂಚಿನ ಎತ್ತರವನ್ನೂ ಟೇಪಿನಿಂದ ಅಳೆಯಿರಿ.
2. ಕಂಬ, ಟ್ರಾನ್ಸ್‌ಫಾರ್ಮರ್, ಮುರಿದ ಚಪ್ಪಡಿ, ನಿಲ್ಲಿಸಿದ ವಾಹನ ಎಷ್ಟಿವೆ ಎಂದು ಎಣಿಸಿ.
3. ಹದಿನೈದು ನಿಮಿಷ ನಡೆಯುವವರು, ಸೈಕಲ್ಲಿನವರು, ಬಸ್ಸಿನಿಂದ ಇಳಿಯುವವರು, ಕಾರಿನಲ್ಲಿರುವವರು ಎಷ್ಟು ಮಂದಿ ಎಂದು ಬೇರೆ ಬೇರೆಯಾಗಿ ಬರೆಯಿರಿ.
4. ಹಿರಿಯರೊಬ್ಬರು ರಸ್ತೆ ದಾಟಲು ತೆಗೆದುಕೊಂಡ ಸಮಯವನ್ನು ಗಡಿಯಾರದಲ್ಲಿ ನೋಡಿ.

ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು, ಮುಖ್ಯೋಪಾಧ್ಯಾಯರ ಅಥವಾ ಪ್ರಾಂಶುಪಾಲರ ಸಹಿಯೊಡನೆ ನಿಮ್ಮ ನಗರಸಭೆಗೂ ಸಂಚಾರ ಪೊಲೀಸರಿಗೂ ಕಳುಹಿಸಿ. ತೊಂದರೆಯಾಗಿದೆ ಎಂಬ ದೂರಿಗಿಂತ, ಇಲ್ಲಿ ಅಂಚಿನ ಎತ್ತರ ಇಷ್ಟಿದೆ, ಇರಬೇಕಾದುದು ಆರು ಅಂಗುಲ ಎಂಬ ಮಾತಿಗೆ ತೂಕ ಹೆಚ್ಚು. ಅಲ್ಲಿಯವರೆಗೆ ನಿಮ್ಮ ಎಚ್ಚರ ನಿಮಗಿರಲಿ: ಫುಟ್‌ಪಾತ್ ಇಲ್ಲದ ಕಡೆ ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯಿರಿ, ಸಂಜೆಯಾದ ಮೇಲೆ ದೀಪವಿಲ್ಲದೆ ಸೈಕಲ್ ತುಳಿಯಬೇಡಿ.

ಬಾವಿಗೆ ಬಿದ್ದವರ ತಪ್ಪನ್ನು ಎಣಿಸುತ್ತ ಕೂತರೆ ಕಟ್ಟೆ ಏಳುವುದಿಲ್ಲ. ಯಾರೋ ಒಬ್ಬರು ಮೊದಲು ಅಳತೆ ತೆಗೆದುಕೊಳ್ಳಬೇಕು. ಆ ಟೇಪು ನಿಮ್ಮ ಕೈಯಲ್ಲಿರಲಿ.