ಪೋಲೆಂಡಿನ ರಾಷ್ಟ್ರೀಯ ನೃತ್ಯಗಳು ಮತ್ತು ವಾದ್ಯವೃಂದ ಸಂಗೀತ

ಪೋಲೆಂಡಿನ ದೇಶಭಕ್ತಿ ಸಂಗೀತವನ್ನು ನುಡಿಸುವ ವಾದ್ಯವೃಂದ ಕಛೇರಿಗಳಲ್ಲಿ ಸಮರಗೀತೆಗಳ ಜೊತೆಗೆ ಕುಣಿತದ ಸಂಗೀತಕ್ಕೂ ಮುಖ್ಯ ಸ್ಥಾನವಿರುತ್ತದೆ. ಕುಣಿತದ ಲಯವೊಂದು ದೇಶಭಕ್ತಿಯ ವಾಹಕವಾದುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಆ ನಾಡಿನ ಚರಿತ್ರೆಯಲ್ಲಿದೆ.

1772ರಿಂದ 1795ರ ಅವಧಿಯಲ್ಲಿ ರಷ್ಯಾ, ಪ್ರಷ್ಯಾ ಮತ್ತು ಆಸ್ಟ್ರಿಯಾಗಳು ಪೋಲೆಂಡನ್ನು ಮೂರು ಹಂತಗಳಲ್ಲಿ ಹಂಚಿಕೊಂಡವು. ಅಲ್ಲಿಂದ 1918ರವರೆಗೆ, ಅಂದರೆ 123 ವರ್ಷಗಳ ಕಾಲ, ಸ್ವತಂತ್ರ ಪೋಲೆಂಡ್ ಇರಲಿಲ್ಲ. 1797ರಲ್ಲಿ ಇಟಲಿಯ ರೆಜ್ಜೊ ಎಮಿಲಿಯಾದಲ್ಲಿ ನೆಲೆಸಿದ್ದ ಪೋಲಿಷ್ ಸೈನಿಕರಿಗಾಗಿ ಯೂಝೆಫ್ ವಿಬಿಟ್ಸ್ಕಿ ಒಂದು ಗೀತೆಯನ್ನು ರಚಿಸಿದನು. ಅದರ ಧಾಟಿ ಮಝುರ್ಕಾ ಎಂಬ ಕುಣಿತದ್ದು. 1927ರಲ್ಲಿ ಅದೇ ಅಧಿಕೃತ ರಾಷ್ಟ್ರಗೀತೆಯಾಯಿತು. ಹೀಗೆ ಆ ರಾಷ್ಟ್ರದ ಗೀತೆಯೇ ಒಂದು ನೃತ್ಯಲಯವನ್ನು ಆಧರಿಸಿದೆ.

ರಾಷ್ಟ್ರೀಯವೆಂದು ಮನ್ನಣೆ ಪಡೆದ ನೃತ್ಯಗಳು ಐದು. ಪೊಲೊನೇಸ್ ಜೋಡಿಗಳು ಸಾಲುಗೂಡಿ ಗಂಭೀರವಾಗಿ ಹೆಜ್ಜೆಯಿಡುವ ಮೆರವಣಿಗೆಯ ನೃತ್ಯ. ಮಝುರ್ ಚುರುಕಾದುದು, ಅದರಲ್ಲಿ ಒತ್ತು ಮೊದಲ ಎಣಿಕೆಯಿಂದ ಜಾರಿ ಎರಡನೆಯ ಅಥವಾ ಮೂರನೆಯ ಎಣಿಕೆಯ ಮೇಲೆ ಬೀಳುತ್ತದೆ. ಕುಯಾವಿಯಾಕ್ ವಿಳಂಬಗತಿಯದು, ಒಬೆರೆಕ್ ಗಿರಕಿ ಹೊಡೆಯುವ ವೇಗದ್ದು. ಈ ನಾಲ್ಕೂ ಮೂರೆಣಿಕೆಯವು. ಕ್ರಾಕುವ್ ಪ್ರದೇಶದ ಕ್ರಾಕೊವಿಯಾಕ್ ಮಾತ್ರ ಎರಡೆಣಿಕೆಯದು.

ಈ ಲಯಗಳನ್ನು ಗೀತನಾಟಕದ ವಾದ್ಯವೃಂದಕ್ಕೆ ಅಳವಡಿಸಿದವರಲ್ಲಿ ಸ್ತಾನಿಸ್ವಾವ್ ಮೊನ್ಯುಶ್ಕೊ ಪ್ರಮುಖನು. 1863ರ ದಂಗೆಯನ್ನು ರಷ್ಯಾ ಹತ್ತಿಕ್ಕಿದ ತರುವಾಯ, 1865ರಲ್ಲಿ, ಅವನ ‘ಭೂತದ ಬಂಗಲೆ’ ಎಂಬ ಅರ್ಥದ ಹೆಸರುಳ್ಳ ಗೀತನಾಟಕ ವಾರ್ಸಾದಲ್ಲಿ ರಂಗಕ್ಕೆ ಬಂದಿತು. ಅದು ಹಾಸ್ಯಪ್ರಧಾನ ಕೃತಿಯಾದರೂ ಪ್ರೇಕ್ಷಕರು ಅದರಲ್ಲಿ ತಮ್ಮ ನಾಡನ್ನು ಕಂಡರು. ಮೂರೇ ಪ್ರದರ್ಶನಗಳ ನಂತರ ಅದು ನಿಷೇಧಕ್ಕೊಳಗಾಯಿತು.

ಇದಕ್ಕಿಂತ ಮೊದಲಿನ ‘ಹಾಲ್ಕಾ’ ಮತ್ತೊಂದು ಸತ್ಯವನ್ನು ಹೇಳುತ್ತದೆ. 1848ರಲ್ಲಿ ವಿಲ್ನಿಯಸ್ಸಿನಲ್ಲಿ ಎರಡು ಅಂಕಗಳ ರೂಪದಲ್ಲಿ ಮೊದಲು ಕೇಳಿಬಂದ ಈ ಕೃತಿ 1858ರಲ್ಲಿ ನಾಲ್ಕು ಅಂಕಗಳಾಗಿ ವಾರ್ಸಾದ ರಂಗವನ್ನೇರಿತು. ಜಮೀನ್ದಾರ ಯುವಕನೊಬ್ಬನಿಂದ ವಂಚಿತಳಾದ ಬೆಟ್ಟದ ಸೀಮೆಯ ರೈತಕನ್ಯೆ ಹಾಲ್ಕಾ ಇದರ ನಾಯಕಿ. ಆ ಯುವಕನ ನಿಶ್ಚಿತಾರ್ಥದ ಔತಣದಲ್ಲಿ ಅತಿಥಿಗಳು ಉತ್ಸಾಹದಿಂದ ಮಝುರ್ ಕುಣಿಯುತ್ತಾರೆ. ಮಝೋವಿಯಾದ ಹಳ್ಳಿಗರ ಕುಣಿತದಲ್ಲಿ ಬೇರೂರಿದ ಲಯ ಇಲ್ಲಿ ಒಡೆಯರ ಮನೆಯ ಸಂಭ್ರಮವಾಗಿದೆ; ಹಳ್ಳಿಯ ಹೆಣ್ಣಿಗೆ ಮಾತ್ರ ಆ ಸಂಭ್ರಮದಲ್ಲಿ ಪಾಲಿಲ್ಲ. ಕೊನೆಗೆ ಅವಳು ನದಿಯ ಪಾಲಾಗುತ್ತಾಳೆ. ರಷ್ಯಾದ ಅಧೀನದ ಪೋಲೆಂಡಿನಲ್ಲಿ ರೈತರ ಬಿಟ್ಟಿ ದುಡಿಮೆ ರದ್ದಾದುದು 1864ರಲ್ಲಿ ಎಂಬುದನ್ನು ನೆನೆದರೆ, ಈ ದೃಶ್ಯದ ತೀಕ್ಷ್ಣತೆ ಮನದಟ್ಟಾಗುತ್ತದೆ.

ಕಛೇರಿಗಳಲ್ಲಿ ಈ ಮಝುರನ್ನು ಕಥೆಯಿಂದ ಬೇರ್ಪಡಿಸಿ, ಬಿಡಿ ಕೃತಿಯಾಗಿ ನುಡಿಸುವುದು ರೂಢಿ. ಆಗ ಉತ್ಸಾಹ ಉಳಿಯುತ್ತದೆ, ಹಾಲ್ಕಾಳ ಅಳಲು ಮರೆಯಾಗುತ್ತದೆ. ಪರಕೀಯರ ಆಳ್ವಿಕೆಯಲ್ಲಿ ರಾಷ್ಟ್ರದ ಐಕ್ಯವನ್ನು ಸಾರಿದ ಲಯವೇ ರಾಷ್ಟ್ರದೊಳಗಿನ ಅನ್ಯಾಯವನ್ನೂ ತೋರಿಸಿಕೊಟ್ಟಿತ್ತು. ಪೊಲೊನೇಸ್ 2023ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಯನ್ನು ಸೇರಿದೆ. ಇಂತಹ ಗೌರವದ ಕಾಲದಲ್ಲಿ ಈ ನೃತ್ಯಗಳನ್ನು ಕೇವಲ ಅಭಿಮಾನದ ಸಂಗೀತವೆಂದು ಕೇಳುವುದು ಸುಲಭ. ಮೊನ್ಯುಶ್ಕೊ ಅವುಗಳಲ್ಲಿ ಅಭಿಮಾನದೊಂದಿಗೆ ಆತ್ಮವಿಮರ್ಶೆಯನ್ನೂ ಇರಿಸಿದ್ದನೆಂಬುದನ್ನು ಮರೆಯಲಾಗದು.